ರಾಗಿ ಕಾಳಿನಷ್ಟು ಮೊಟ್ಟೆ

ಮೊದಲ ಶನಿವಾರ ಆಕೆ ಮಕ್ಕಳ ಮುಂದೆ ಸುರಿದದ್ದು ಒಂದು ಲೋಟ ರಾಗಿ. ನೆಲದ ಮೇಲೆ ಹಳೆಯ ಬಂಗಾಳಿ ಪೇಪರು ಹಾಸಿ, ಅದರ ಮೇಲೆ ರಾಗಿ ಹರಡಿ, ಇದು ರುಯಿ ಮೀನಿನ ಹೊಟ್ಟೆಯೊಳಗಿನ ಮೊಟ್ಟೆ ಅಂದುಕೊಳ್ಳಿ, ಎಷ್ಟಿದೆ ಎಣಿಸಿ ಎಂದಳು. ಏಳು ಮಕ್ಕಳು, ಎಂಟರಿಂದ ಹನ್ನೊಂದು ವರ್ಷದವರು. ಕೋಲ್ಕತ್ತದ ಮಕ್ಕಳಿಗೆ ಮೀನಿನ ಮೊಟ್ಟೆ ಎಂದರೇನು ಎಂದು ವಿವರಿಸಬೇಕಿಲ್ಲ. ಭಾನುವಾರ ತಂದ ಮೀನಿನ ಹೊಟ್ಟೆಯಲ್ಲಿ ಮೊಟ್ಟೆ ಸಿಕ್ಕರೆ ಅವತ್ತು ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿ ಬೊಡಾ ಕರಿಯುತ್ತಾರೆ. ಮೊಟ್ಟೆ ತುಂಬಿದ ಇಲಿಶ್ ಹೆಚ್ಚು ರುಚಿಯೋ ಮೊಟ್ಟೆಯಿಲ್ಲದ್ದು ಹೆಚ್ಚು ರುಚಿಯೋ ಎಂಬ ವಿಷಯದಲ್ಲಿ ಎಂಟು ವರ್ಷದವರಿಗೂ ಅಲ್ಲಿ ಸ್ವಂತ ಅಭಿಪ್ರಾಯವಿರುತ್ತದೆ. ಎಣಿಸಲು ಕೂತರು. ಇನ್ನೂರು ದಾಟುವಷ್ಟರಲ್ಲಿ ಒಬ್ಬನಿಗೆ ಲೆಕ್ಕ ತಪ್ಪಿತು, ಇನ್ನೊಬ್ಬಳು ಸೀನಿದಳು, ರಾಗಿ ಚೆಲ್ಲಿತು. ಪರವಾಗಿಲ್ಲ ಬಿಡಿ, ದೊಡ್ಡ ರುಯಿ ಮೀನಾದರೆ ಇಂಥ ಲೋಟಗಳು ಎಷ್ಟೋ ಬೇಕು, ಅದು ಲಕ್ಷಗಟ್ಟಲೆ ಮೊಟ್ಟೆ ಇಡುತ್ತೆ ಎಂದಳು.

ಆಮೇಲೆ ಪಕ್ಕದಲ್ಲಿ ಇನ್ನೊಂದು ಪೇಪರು ಹಾಸಿ, ಬಟ್ಟೆಯಲ್ಲಿ ಹೊಲಿದ ನಾಲ್ಕು ಪುಟ್ಟ ಮೀನುಗಳನ್ನಿಟ್ಟಳು. ಅಂಗೈಯಗಲ, ಚಪ್ಪಟೆ, ಉದ್ದ ಬಾಲ. "ಇದು ಶೊಂಕೊರ್ ಮಾಛ್. ಒಂದು ಸಲಕ್ಕೆ ಇಷ್ಟೇ."

"ಇಷ್ಟೇ ಮೊಟ್ಟೆಯಾ?"

"ಮೊಟ್ಟೆ ಅಲ್ಲ. ಮರಿಗಳೇ."

ಹತ್ತು ವರ್ಷದ ಹುಡುಗನೊಬ್ಬ ಎದ್ದೇ ನಿಂತ. "ಮಿಸ್, ಮೀನು ಮೊಟ್ಟೆ ಇಡುತ್ತೆ. ಮರಿ ಹಾಕೋದು ಮ್ಯಾಮಲ್." ಆ ಪ್ರಶ್ನೆಗೆ ಅವನು ಪರೀಕ್ಷೆಯಲ್ಲಿ ಪೂರ್ತಿ ಅಂಕ ತೆಗೆದುಕೊಂಡಿದ್ದ. ಹಾಗೆ ನಿಂತವನ ಮುಖದಲ್ಲಿ ಅನುಮಾನವಿರಲಿಲ್ಲ, ಸ್ವಲ್ಪ ಕನಿಕರವಿತ್ತು. ಮಿಸ್ ತಪ್ಪು ಹೇಳುತ್ತಿದ್ದಾರಲ್ಲ ಎಂಬ ಕನಿಕರ.

ಆಕೆ ಮಲ್ಪೆಯ ಕಡೆಯವಳು. ಮೀನಿನ ವ್ಯಾಪಾರದ ಮನೆ. ಗಂಡನ ಬ್ಯಾಂಕಿನ ಕೆಲಸದ ವರ್ಗಾವಣೆಯಿಂದ ಕೋಲ್ಕತ್ತಕ್ಕೆ ಬಂದು, ದಕ್ಷಿಣದವರು ಹೆಚ್ಚಾಗಿರುವ ಲೇಕ್ ಮಾರ್ಕೆಟ್ ಸುತ್ತಿನಲ್ಲೇ ಮನೆ ಹಿಡಿದವಳು. ರಾಗಿ ಸಿಗುವುದು ಅಲ್ಲೇ. ಅಪಾರ್ಟ್‌ಮೆಂಟಿನ ನೆಲಮಹಡಿಯ ಕೋಣೆಯಲ್ಲಿ ಶನಿವಾರ ಮಧ್ಯಾಹ್ನ ಮಕ್ಕಳಿಗೆ ಕ್ರಾಫ್ಟ್ ಹೇಳಿಕೊಡುತ್ತಿದ್ದಳು. ಕಾಗದದ ಹೂವು, ಕಡ್ಡಿಯ ಮನೆ, ದುರ್ಗಾಪೂಜೆಗೆ ಮೊದಲು ಶೋಲಾ ಬೆಂಡಿನ ಕಿರೀಟ. ಪ್ರಾಣಿಶಾಸ್ತ್ರದಲ್ಲಿ ಬಿಎಸ್ಸಿ ಮಾಡಿದ್ದೆನೆಂಬುದನ್ನು ಆಕೆಯೇ ಮರೆತಂತಿದ್ದಳು.

ನೆನಪಿಗೆ ತಂದದ್ದು ಮಗಳು ರಜೆಯಲ್ಲಿ ತಂದ ಒಂದು ಹಾಳೆ. ಎಲ್ಲಿಂದಲೋ ಇಳಿಸಿಕೊಂಡು ಜೆರಾಕ್ಸ್ ಮಾಡಿಸಿದ್ದು. 'ಮತ್ಸ್ಯಕನ್ಯೆಯ ಪರ್ಸು' ಮಾಡುವ ವಿಧಾನ ಅದರಲ್ಲಿತ್ತು. ಕಂದು ಬಟ್ಟೆಯ ಚೌಕ ಚೀಲ, ನಾಲ್ಕು ಮೂಲೆಗೂ ನಾಲ್ಕು ಕೊಂಬು, ಒಳಗೊಂದು ಹಳದಿ ಉಂಡೆ, ಅದಕ್ಕಂಟಿಕೊಂಡ ಮರಿ. ಸ್ಕೇಟ್ ಎಂಬ ಚಪ್ಪಟೆ ಮೀನಿನ ಮೊಟ್ಟೆಯ ಕೋಶವಂತೆ. ಕೊನೆಯಲ್ಲಿ, ಸಮುದ್ರ ತೀರಕ್ಕೆ ಹೋದಾಗ ಇಂಥ ಪರ್ಸುಗಳನ್ನು ಹುಡುಕಿ ಎಂಬ ಸೂಚನೆ. ಸೂಚನೆ ಸುಳ್ಳಲ್ಲ. ಬ್ರಿಟನ್ನಿನ ತೀರಗಳಲ್ಲಿ ಅವು ಅಲೆಯೊಂದಿಗೆ ಬಂದು ಬೀಳುತ್ತವೆ. ಅಲ್ಲಿನ ಶಾರ್ಕ್ ಟ್ರಸ್ಟ್ ಎಂಬ ಸಂಸ್ಥೆ ಜನರಿಂದಲೇ ಅವನ್ನು ಹುಡುಕಿಸಿ, ಎಣಿಸಿ, ಯಾವ ತೀರದಲ್ಲಿ ಯಾವ ಜಾತಿ ಉಳಿದಿದೆ ಎಂದು ಲೆಕ್ಕ ಇಡುತ್ತದೆ. ಆದರೆ ಮಗಳು ದೀಘಾದ ಮರಳಿನಲ್ಲಿ ಒಂದು ಬೆಳಗಿನ ಹೊತ್ತು ಬಗ್ಗಿ ಬಗ್ಗಿ ಹುಡುಕಿ ಬರಿಗೈಯಲ್ಲಿ ಬಂದಳು. ಬರಿಗೈಯಲ್ಲೇ ಬರಬೇಕಿತ್ತು. ನಮ್ಮ ಕಡೆ ಸ್ಕೇಟುಗಳಿರುವುದು ಬಹುಮಟ್ಟಿಗೆ ಆಳದ ನೀರಿನಲ್ಲಿ. ದಡದ ಹತ್ತಿರ ಬಲೆಗೆ ಬೀಳುವುದು, ಗಡಿಯಾಹಾಟಿನ ಮೀನಿನ ಕಟ್ಟೆಗೆ ಬರುವುದು, ಬಾಲದಲ್ಲಿ ಮುಳ್ಳಿರುವ ತೊರಕೆ. ನೋಡಲು ಎರಡೂ ಅಕ್ಕತಂಗಿಯರಂತಿದ್ದರೂ ಹೆರಿಗೆಯ ವಿಷಯದಲ್ಲಿ ಬೇರೆ ಬೇರೆ ಮನೆಯವು. ಸ್ಕೇಟುಗಳೆಲ್ಲ ಮೊಟ್ಟೆ ಇಡುತ್ತವೆ, ತೊರಕೆಗಳೆಲ್ಲ ಮರಿ ಹಾಕುತ್ತವೆ. ಹಾಳೆಯಲ್ಲಿದ್ದದ್ದು ಬೇರೆ ಸಮುದ್ರದ ಪಾಠ.

ಹಾಗಾದರೆ ಈ ಸಮುದ್ರದ ಪಾಠ ಯಾವುದು ಎಂದು ಮಗಳು ಕೇಳಿದಳು. ಕ್ಲಾಸು ಶುರುವಾದದ್ದು ಅಲ್ಲಿಂದ.

ಶುರುವಿನಲ್ಲೇ ತೊಡಕಾದದ್ದು ಕ್ರಿಯಾಪದ. ಕನ್ನಡದಲ್ಲಿ ಹೆಂಗಸು ಹೆರುತ್ತಾಳೆ, ಹಡೆಯುತ್ತಾಳೆ. ಹಸು ಈಯುತ್ತದೆ. ನಾಯಿ, ಬೆಕ್ಕು ಮರಿ ಹಾಕುತ್ತವೆ. ಕೋಳಿ ಮೊಟ್ಟೆ ಇಡುತ್ತದೆ. ಯಾವ ಪ್ರಾಣಿಗೆ ಯಾವ ಮಾತು ಎಂಬುದರಲ್ಲೇ ಅದಕ್ಕೆ ಮನೆಯಲ್ಲಿ ಎಷ್ಟು ಮರ್ಯಾದೆ ಎಂಬುದೂ ತಿಳಿಯುತ್ತದೆ. ತೊರಕೆಗೆ ಯಾವ ಮಾತು? ಬಂಗಾಳಿಯಲ್ಲಿ ಮೊಟ್ಟೆ ಇಡುವುದಕ್ಕೆ 'ಡಿಮ್ ಪಾಡಾ' ಎನ್ನುತ್ತಾರೆ. ಮರದಿಂದ ಮಾವಿನಕಾಯಿ ಕಿತ್ತು ಇಳಿಸುವುದಕ್ಕೂ 'ಪಾಡಾ' ಎಂದೇ. ಮರಿ ಹಾಕುವುದಕ್ಕೆ 'ಬಾಚ್ಚಾ ದೇವಾ', ಅಂದರೆ ಮರಿ ಕೊಡುವುದು. ಶೊಂಕೊರ್ ಮಾಛ್ ಬಾಚ್ಚಾ ದೇಯ್ ಎಂದು ಆಕೆ ಹೇಳಿದಾಗ ಮಕ್ಕಳು ನಕ್ಕದ್ದು ಅದಕ್ಕೇ. ಮೀನಿನ ಜೊತೆ ಆ ಮಾತು ಕೂಡುವುದಿಲ್ಲ. ಆಕೆಗೋ ಮೊದಲ ವರ್ಷ ಪೂರ್ತಿ ಆ ಮೀನಿನ ಹೆಸರೇ ನಗು ತರಿಸುತ್ತಿತ್ತು. ಊರಿನಲ್ಲಿ ಮನೆಗೊಬ್ಬ ಶಂಕರ ಇರುವವರಿಗೆ ಶಂಕರನನ್ನು ತೂಕ ಹಾಕಿ ಮಾರುವುದು ಹೇಗೆ ಅರಗಬೇಕು? ಕೋಲ್ಕತ್ತದವರಿಗೆ ಆ ಹೆಸರು ಕೇಳಿದರೆ ನೆನಪಾಗುವುದು ಚಾಬುಕು. ತೊರಕೆಯ ಬಾಲ ಒಣಗಿಸಿ ಮಾಡುತ್ತಿದ್ದ ಛಡಿಯೇಟಿನ ಕತೆ ಅಲ್ಲಿನ ಅಜ್ಜಂದಿರ ಬಾಯಲ್ಲಿ ಇನ್ನೂ ಇದೆ. ಹೀಗೆ ಹೊಡೆಯುವ ಬಾಲಕ್ಕೆ ಹೆಸರಾದ ಮೀನು ಅದು. ಅದರ ಹೊಟ್ಟೆಯ ಸುದ್ದಿ ಯಾರಿಗೂ ಬೇಕಾಗಿರಲಿಲ್ಲ.

ಆಕೆಗೆ ಆ ಸುದ್ದಿ ಮೊದಲು ತಿಳಿದದ್ದು ಕಾಲೇಜಿನ ಲ್ಯಾಬಿನಲ್ಲಿ. ನಮ್ಮ ದೇಶದಲ್ಲಿ ಪ್ರಾಣಿಶಾಸ್ತ್ರ ಓದಿದ ಹಲವು ತಲೆಮಾರುಗಳಿಗೆ ಶಾರ್ಕ್ ಎಂದರೆ ಸ್ಕೋಲಿಯೋಡಾನ್. ಮೊಳದುದ್ದದ, ಸಲಿಕೆಯಂಥ ಚಪ್ಪಟೆ ಮೂತಿಯ ಸಣ್ಣ ತಾಟೆ. ಈವಾಂಜೆಲಿನ್ ತಿಲ್ಲೈಯಂಪಲಂ ಎಂಬ ಅಧ್ಯಾಪಕಿ 1928ರಲ್ಲಿ ಅದೊಂದರ ಬಗ್ಗೆಯೇ ಪುಸ್ತಕ ಬರೆದಿದ್ದರು. ದೇಶದ ಲ್ಯಾಬುಗಳಲ್ಲಿ ಅದನ್ನು ಮುಂದಿಟ್ಟುಕೊಂಡು ಕೊಯ್ಯುತ್ತಿದ್ದರು. ಪರೀಕ್ಷೆಗೆ ಬೇಕಿದ್ದದ್ದು ತಲೆಯ ನರಗಳು. ಐದನೆಯದು, ಏಳನೆಯದು, ಒಂಬತ್ತನೆಯದು, ಹತ್ತನೆಯದು. ಅವು ತುಂಡಾಗದಂತೆ ಬಿಡಿಸಿ ತೋರಿಸಿದರೆ ಅಂಕ. ಆಕೆಯ ಟ್ರೇಗೆ ಬಂದದ್ದು ಹೊಟ್ಟೆ ಉಬ್ಬಿದ ಹೆಣ್ಣು. ತಲೆ ಬಿಟ್ಟು ಮೊದಲು ಹೊಟ್ಟೆಗೇ ಕತ್ತರಿ ಹಾಕಿದಳು. ಒಳಗೆ ಬೆರಳುದ್ದದ ಆರು ಮರಿ. ಒಂದೊಂದರ ಎದೆಯ ಕೆಳಗಿನಿಂದಲೂ ಒಂದೊಂದು ಬಳ್ಳಿ ಹೊರಟು ತಾಯಿಯ ಗರ್ಭದ ಗೋಡೆಗೆ ನೆಟ್ಟಿತ್ತು. ಅಕ್ಕನ ಹೆರಿಗೆ ಮನೆಯಲ್ಲೇ ಆದದ್ದರಿಂದ ಹೊಕ್ಕುಳಬಳ್ಳಿ, ಮಾಸು ಎಂದರೇನು ಎಂದು ಅವಳಿಗೆ ಗೊತ್ತಿತ್ತು. ಫಾರ್ಮಲಿನ್ ವಾಸನೆಗೆ ಕಣ್ಣಲ್ಲಿ ನೀರು ಬರುತ್ತಿತ್ತು, ಆದರೂ ಬಗ್ಗಿ ನೋಡಿಯೇ ನೋಡಿದಳು. ಮೇಲ್ವಿಚಾರಕರು ಬಂದು, ಅದು ಸಿಲೆಬಸ್ಸಿನಲ್ಲಿಲ್ಲ, ತೆಗೆದು ಬಕೆಟ್ಟಿಗೆ ಹಾಕಮ್ಮ, ನರ ಬಿಡಿಸು ಎಂದರು. ಹಾಕಿದಳು. ಹತ್ತನೆಯ ನರ ತುಂಡಾಯಿತು.

ಸಿಲೆಬಸ್ಸಿನಲ್ಲಿ ಇಲ್ಲದಿದ್ದರೂ ವಿಷಯ ಹೊಸದೇನೂ ಆಗಿರಲಿಲ್ಲ. ಒಂದು ಜಾತಿಯ ಶಾರ್ಕಿನ ಮರಿ ಹೊಕ್ಕುಳಬಳ್ಳಿಯಿಂದ ತಾಯಿಗೆ ಅಂಟಿಕೊಂಡಿರುತ್ತದೆ ಎಂದು ಅರಿಸ್ಟಾಟಲ್ ಬರೆದಿಟ್ಟಿದ್ದ. ಶತಮಾನಗಳ ಕಾಲ ಅದನ್ನು ಯಾರೂ ಅಷ್ಟಾಗಿ ನಂಬಲಿಲ್ಲ. ಬರ್ಲಿನ್ನಿನ ಯೋಹಾನೆಸ್ ಮ್ಯುಲ್ಲರ್ 1842ರಲ್ಲಿ ಅದು ನಿಜವೆಂದು ತೋರಿಸಿಕೊಟ್ಟ. ಇದೇ ಮ್ಯುಲ್ಲರ್, ಹೆನ್ಲೆ ಎಂಬವನ ಜೊತೆ ಸೇರಿ, ಅದಕ್ಕೂ ಕೆಲವೇ ವರ್ಷ ಮೊದಲು ಹೂಗ್ಲಿಯಲ್ಲಿ ಸಿಕ್ಕ ಒಂದು ಶಾರ್ಕಿಗೆ ಗಂಗೆಯ ಹೆಸರಿಟ್ಟಿದ್ದ. ಸ್ಕೋಲಿಯೋಡಾನಿನ ಮರಿ ಹೊಟ್ಟೆಯಲ್ಲಿ ಹೇಗೆ ಬೆಳೆಯುತ್ತದೆ ಎಂಬುದನ್ನು ಸೇಟ್ನಾ ಮತ್ತು ಸಾರಂಗ್‌ಧರ್ ಎಂಬಿಬ್ಬರು ವಿವರವಾಗಿ ಬರೆದರು. ಅದು 1948ರಲ್ಲಿ ಅಚ್ಚಾದದ್ದು ಕಲ್ಕತ್ತದ ಇಂಡಿಯನ್ ಮ್ಯೂಸಿಯಮ್ಮಿನ ಪತ್ರಿಕೆಯಲ್ಲಿ. ಆ ಲೇಖನದಲ್ಲಿ ಮೀನಿನ ಹೆಸರು 'ಸೊರ್ರಕೋವ'. ವಿಶಾಖಪಟ್ಟಣದಲ್ಲಿದ್ದ ಪ್ಯಾಟ್ರಿಕ್ ರಸೆಲ್ ಎಂಬ ವೈದ್ಯ ತನ್ನ 1803ರ ಮೀನಿನ ಪುಸ್ತಕದಲ್ಲಿ ಅಲ್ಲಿಯವರ ಬಾಯಲ್ಲಿ ಕೇಳಿದಂತೆ ಬರೆದುಕೊಂಡ ಹೆಸರು ಲ್ಯಾಟಿನ್ನಿನೊಳಗೆ ಹೋಗಿ ಕೂತದ್ದು ಹಾಗೆ. ಸೊರ ಎಂದರೆ ತೆಲುಗಿನವರಿಗೂ ತಿಳಿಯುತ್ತದೆ, ತಮಿಳಿನವರಿಗೂ ತಿಳಿಯುತ್ತದೆ, ನಮಗೂ ಪೂರಾ ಅಪರಿಚಿತವಲ್ಲ.

ತೊರಕೆಯ ವಿಷಯವಂತೂ ಕಲ್ಕತ್ತದ್ದೇ. ಚೌರಂಗಿಯ ದೊಡ್ಡ ಬಿಳಿ ಮ್ಯೂಸಿಯಂ ಕಟ್ಟಡವನ್ನು ಅಲ್ಲಿಯ ಮಕ್ಕಳು ಜಾದುಘರ್ ಎನ್ನುತ್ತಾರೆ. ಜೇಮ್ಸ್ ವುಡ್-ಮೇಸನ್ ಅದರ ಮೇಲಧಿಕಾರಿಯಾಗಿದ್ದ ಕಾಲದಲ್ಲಿ ಆಲ್ಫ್ರೆಡ್ ಆಲ್ಕಾಕ್ ಎಂಬ ಡಾಕ್ಟರು 'ಇನ್ವೆಸ್ಟಿಗೇಟರ್' ಎಂಬ ಸಮೀಕ್ಷೆಯ ಹಡಗಿನಲ್ಲಿ ಸುತ್ತುತ್ತ, ಬಲೆಗೆ ಸಿಕ್ಕದ್ದನ್ನೆಲ್ಲ ಪರೀಕ್ಷಿಸಿ ಬರೆದಿಡುತ್ತಿದ್ದ. ಇಬ್ಬರೂ ಸೇರಿ 1891ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಗೆ ಒಂದು ಲೇಖನ ಬರೆದರು. ವಿಷಯ, ಚಿಟ್ಟೆಯಂತೆ ಅಗಲ ರೆಕ್ಕೆಯ ಒಂದು ತೊರಕೆಯ ಗರ್ಭ. ಅದರೊಳಗೆ ಮಾಸೂ ಇಲ್ಲ, ಬಳ್ಳಿಯೂ ಇಲ್ಲ. ಗರ್ಭದ ಗೋಡೆಯ ತುಂಬ ದಾರದ ಕುಚ್ಚಿನಂಥ ಎಳೆಗಳು. ಆ ಎಳೆಗಳಿಂದ ಹಾಲಿನಂಥ ರಸ ಒಸರುತ್ತದೆ. ತೊರಕೆಯ ಕಣ್ಣುಗಳ ಹಿಂದೆ ಎರಡು ರಂಧ್ರಗಳಿರುತ್ತವೆ, ಮರಳಿನಲ್ಲಿ ಹುದುಗಿ ಕೂತಾಗ ನೀರನ್ನು ಒಳಗೆಳೆದುಕೊಳ್ಳಲು. ಹೊಟ್ಟೆಯೊಳಗಿನ ಮರಿಯ ಆ ರಂಧ್ರಗಳ ಮೂಲಕ ತಾಯಿಯ ಎಳೆಗಳು ತೂರಿ ಗಂಟಲಿಗೆ ಇಳಿದಿರುತ್ತವೆ. ಮರಿ ಹಾಲು ಕುಡಿಯಲು ಬಾಯನ್ನೂ ತೆರೆಯಬೇಕಿಲ್ಲ. ಆ ಎಳೆಗಳಿಗೆ ಅವರಿಬ್ಬರು ಗ್ರೀಕಿನಿಂದ ಕಟ್ಟಿಕೊಟ್ಟ ಹೆಸರಿನ ಅರ್ಥ 'ಉಣಿಸುವ ನೂಲು' ಎಂದು. ಇವತ್ತಿಗೂ ವಿಜ್ಞಾನಿಗಳು ಬಳಸುವುದು ಅದೇ ಹೆಸರನ್ನು. ಕ್ಲಾಸಿಗೆ ಆಕೆ ಅದನ್ನು ಹಾಲಿನ ಎಳೆ ಎಂದು ಮಾಡಿಕೊಂಡಳು.

ಉಣಿಸುವ ನೂಲು ಎಂಬ ಹೆಸರು ಓದಿದ ಮೇಲೆ ಕ್ರಾಫ್ಟ್ ಟೀಚರಿಗೆ ಬೇರೆ ಯೋಚನೆ ಬೇಕಿರಲಿಲ್ಲ. ಹಾಳೆಯ ಒಂದು ಚೀಲದ ಬದಲು ಮೂರು ಚೀಲ ಮಾಡಿಸುವುದೆಂದಾಯಿತು.

ಮೊದಲನೆಯದು ಗೋಣಿಯದು. ಸೆಣಬಿನ ಊರಿನಲ್ಲಿ ಗೋಣಿ ಬಟ್ಟೆಗೆ ಬರವೇ? ಚೌಕ ಕತ್ತರಿಸಿ ಮೂರು ಕಡೆ ಹೊಲಿದು ಮೂಲೆಗಳ ನಾರು ಬಿಚ್ಚಿ ಹೊಸೆದರೆ ನಾಲ್ಕು ಕೊಂಬು. ಒಳಗೆ ನಿಂಬೆಹಣ್ಣಿನ ಗಾತ್ರದ ಹಳದಿ ಉಲ್ಲನ್ ಉಂಡೆ, ಅದಕ್ಕೆ ಕಟ್ಟಿದ ಮರಿ. ಇಲ್ಲಿ ತಾಯಿ ಬುತ್ತಿ ಕಟ್ಟಿಕೊಟ್ಟು ಹೊರಟುಹೋಗುತ್ತಾಳೆ. ಮರಿ ತಿನ್ನಬೇಕಾದದ್ದೆಲ್ಲ ಆ ಉಂಡೆಯೇ. ಸ್ವಲ್ಪ ದಿನವಾದ ಮೇಲೆ ಕೊಂಬಿನ ಬಳಿ ಸೀಳು ತೆರೆದುಕೊಳ್ಳುತ್ತದೆ. ಮರಿ ಬಾಲ ಅಲ್ಲಾಡಿಸುತ್ತ ಅದರೊಳಗೆ ಹೊಸ ನೀರು ಹರಿಯುವಂತೆ ನೋಡಿಕೊಳ್ಳುತ್ತದೆ. ತಿಂಗಳುಗಟ್ಟಲೆ. ಅಲಾಸ್ಕಾದ ಕಡೆಯ ಒಂದು ಸ್ಕೇಟಿಗೆ ಮೂರು ವರ್ಷವೂ ಸಾಲದು. ಎಂಟು ವರ್ಷದವಳೊಬ್ಬಳಿಗೆ ಇದು ಮನಸ್ಸಿಗೆ ನಾಟಿತು. ಚೀಲದ ಮೂಲೆಗೆ ರಂಧ್ರ ಕೊರೆದು, ಮರಿಯ ಬಾಲಕ್ಕೆ ದಾರ ಕಟ್ಟಿ, ಹೊರಗಿನಿಂದ ಎಳೆದರೆ ಬಾಲ ಅಲ್ಲಾಡುವಂತೆ ಮಾಡಿಕೊಂಡಳು. ಹಾಳೆಯಲ್ಲಿರಲಿಲ್ಲ ಅದು.

ನಮ್ಮ ಸಮುದ್ರದಲ್ಲೂ ಮೊಟ್ಟೆಯಿಡುವ ಶಾರ್ಕುಗಳಿಲ್ಲವೆಂದಲ್ಲ. ಬ್ಯಾಂಬೂ ಶಾರ್ಕ್ ಎಂಬ ಸಣ್ಣ ಜಾತಿಯವು ಎರಡೆರಡಾಗಿ ಕೋಶಗಳನ್ನಿಡುತ್ತವೆ. ಆ ಕುಲದ ಒಂದು ಮೀನಿನ ಮೇಲೆ ಆಸ್ಟ್ರೇಲಿಯಾದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಪ್ರಯೋಗ ಮಕ್ಕಳಿಗೆ ಆಟವೇ ಆಗಿಹೋಯಿತು. ಬೇಟೆಗೆ ಬಂದ ಮೀನಿನ ಮೈಯಿಂದ ಹೊಮ್ಮುವಂಥ ಸಣ್ಣ ವಿದ್ಯುತ್ತು ಹತ್ತಿರ ಸುಳಿದರೆ ಕೋಶದೊಳಗಿನ ಮರಿ ಉಸಿರಾಟವನ್ನೂ ನಿಲ್ಲಿಸಿ ಸ್ತಬ್ಧವಾಗುತ್ತದೆ. ಮಿಸ್ ಟಾರ್ಚ್ ಹಿಡಿದು ಬಂದರೆ ಏಳೂ ಜನ ಉಸಿರು ಕಟ್ಟಿ ಸ್ಟ್ಯಾಚ್ಯೂ. ಬಾಗಿಲಿಗೆ ಬಂದ ಕೊರಿಯರಿನವನು ಈ ದೃಶ್ಯ ನೋಡಿ ಸಹಿಯನ್ನೂ ಹಾಕಿಸಿಕೊಳ್ಳದೆ ಡಬ್ಬಿ ಇಟ್ಟು ಹೋದನಂತೆ.

ಎರಡನೆಯ ಚೀಲಕ್ಕೆ ಮನೆಯಲ್ಲಿನ ಹಳೆಯ ಸೀರೆಯ ತುಂಡು ತರಬೇಕು. ಬಂಗಾಳದಲ್ಲಿ ಉಟ್ಟು ಮೆತ್ತಗಾದ ಸೀರೆಗಳನ್ನು ಪದರವಾಗಿಟ್ಟು, ಸಣ್ಣ ಸಣ್ಣ ಹೊಲಿಗೆ ಹಾಕಿ, ಹುಟ್ಟುವ ಕೂಸಿಗೆ ಕಾಂಥಾ ಮಾಡಿಡುತ್ತಾರೆ. ನಮ್ಮಲ್ಲಿನ ಕೌದಿಯ ತೆಳ್ಳಗಿನ ತಂಗಿ. ಅಂಥ ಮೆತ್ತನೆ ಬಟ್ಟೆಯ ಒಳಮೈಗೆ ಬಿಳಿ ನೂಲಿನ ಕುಚ್ಚುಗಳು, ಸಾಲು ಸಾಲಾಗಿ. ತೊರಕೆ ಮರಿಯ ಕಣ್ಣ ಹಿಂದೆ ದಬ್ಬಣದಿಂದ ಎರಡು ರಂಧ್ರ. ಎಳೆಗಳನ್ನು ಅದರಲ್ಲಿ ತೂರಿಸಿ ಬಾಯೊಳಗೆ ಇಳಿಬಿಡಬೇಕು. ಹಳದಿ ಉಂಡೆ ಇಲ್ಲಿ ಬಟಾಣಿಯಷ್ಟು ಸಾಕು. ಮಿಕ್ಕದ್ದನ್ನು ಹಾಲು ನೋಡಿಕೊಳ್ಳುತ್ತದೆ.

ಮೂರನೆಯದು ಸ್ಕೋಲಿಯೋಡಾನ್. ಇದಕ್ಕೆ ಉಂಡೆಯೇ ಇಲ್ಲ. ಸಣಕಲು ಮರಿ, ಹೊಕ್ಕುಳಿಂದ ಚೀಲದ ಗೋಡೆಗೆ ಹೆಣೆದ ಕೆಂಪು ಬಳ್ಳಿ. ಮತ್ತೆ ಮೊಟ್ಟೆ ಎಲ್ಲಿ ಎಂದು ಕೇಳಿದ್ದಕ್ಕೆ ಆಕೆ ನೆಲದ ಸಂದಿಯಿಂದ ಮೊದಲ ವಾರ ಚೆಲ್ಲಿದ್ದ ಒಂದು ರಾಗಿ ಕಾಳನ್ನು ಹೆಕ್ಕಿ ತೋರಿಸಿದಳು. ಆ ತಾಟೆಯ ಮೊಟ್ಟೆ ಒಂದು ಮಿಲಿಮೀಟರ್, ರಾಗಿಗಿಂತಲೂ ಒಂದು ಕೈ ಕಡಿಮೆಯೇ. ಶಾರ್ಕುಗಳಲ್ಲೇ ಅತಿ ಸಣ್ಣದು. ತಾಯಿ ಎಷ್ಟು ಕಾಲ ಜೊತೆಗಿದ್ದು ಉಣಿಸುತ್ತಾಳೋ ಬುತ್ತಿ ಅಷ್ಟು ಚಿಕ್ಕದು. ಇದನ್ನು ಆಕೆ ಬಾಯಿಬಿಟ್ಟು ಹೇಳಿರಲಿಲ್ಲ. ಮೂರೂ ಚೀಲಗಳನ್ನು ಸಾಲಾಗಿಟ್ಟಾಗ ನಿಂಬೆ, ಬಟಾಣಿ, ರಾಗಿ ಎಂದು ಒಬ್ಬ ಬೆರಳಿಟ್ಟು ತೋರಿಸಿದ. ಪರೀಕ್ಷೆಯಲ್ಲಿ ಪೂರ್ತಿ ಅಂಕ ತೆಗೆದವನೇ. ಅವನಿಗೆ ಈಗ ಹೊಸ ತಕರಾರು ಹುಟ್ಟಿತ್ತು. ಹಾಗಾದರೆ ಮೀನು ಮೊಟ್ಟೆ ಇಡುತ್ತೆ ಅಂತ ಬರೆದರೆ ತಪ್ಪಾ? ಪರೀಕ್ಷೆಯಲ್ಲಿ ಹಾಗೇ ಬರೆ, ಆಮೇಲೆ ಹಿಂದಿನ ಪುಟದಲ್ಲಿ ನನಗೊಂದು ಸ್ಕೋಲಿಯೋಡಾನ್ ಬರೆದು ತಾ ಎಂದಳು. ಒಳ್ಳೆಯ ಉತ್ತರವಲ್ಲ ಅದು, ಆಕೆಗೂ ಗೊತ್ತಿತ್ತು.

ಮರಳು ಹುಲಿ ಶಾರ್ಕಿನ ಗರ್ಭದಲ್ಲಿ ಮೊದಲು ಬೆಳೆದ ಮರಿ ತನ್ನ ತಮ್ಮ ತಂಗಿಯರನ್ನೇ ತಿಂದು ದೊಡ್ಡದಾಗುವ ಕತೆಯನ್ನು ಆಕೆ ಹೇಳದೆ ಬಿಟ್ಟಳು. ಏಳರಲ್ಲಿ ಇಬ್ಬರ ಮನೆಯಲ್ಲಿ ಹೊಸ ಕೂಸು ಬರುವುದಿತ್ತು.

ಈ ದಿನಗಳಲ್ಲೇ ಒಂದು ರಾತ್ರಿ ಮಲ್ಪೆಗೆ ಫೋನು ಮಾಡಿ, ತೊರಕೆ ಹೊಟ್ಟೆಯೊಳಗೇ ಮರಿಗೆ ಹಾಲು ಕೊಡುತ್ತದಂತೆ ಅಮ್ಮಾ ಎಂದಳು. ಅಮ್ಮನಿಗೆ ಆಶ್ಚರ್ಯವಾಗಲಿಲ್ಲ. "ಅದೆಂತ ಹೊಸ ಸುದ್ದಿಯಾ? ಹೊಟ್ಟೆ ಕೊಯ್ಯುವಾಗ ಬೆಳ್ಳಗೆ ನೀರು ಬರ್ತದಲ್ಲ. ಮರಿ ಇದ್ದರೆ ಬರುವುದು ಅದು. ನಾವು ಎಷ್ಟು ಕೊಯ್ದಿಲ್ಲ!" ವುಡ್-ಮೇಸನ್ನನ ಲೇಖನವನ್ನು ಅಮ್ಮ ಒಂದೇ ಮಾತಿನಲ್ಲಿ ಮುಗಿಸಿದ್ದಳು. ಆಮೇಲೆ ಸುಮ್ಮನಾಗಿ, "ನಿನಗೂ ಕೊಟ್ಟಿದ್ದೆ, ನೆನಪುಂಟಾ?" ಎಂದಳು. ನೆನಪಿತ್ತು. ಹೆರಿಗೆಗೆ ಹೋದಾಗ ಮೊದಲ ದಿನಗಳಲ್ಲಿ ಹಾಲು ಸಾಲದೆ ಕೂಸು ರಾತ್ರಿಯಿಡೀ ಅಳುತ್ತಿತ್ತು. ಅಮ್ಮ ಬಂದರಿನಿಂದ ಸಣ್ಣ ತಾಟೆ ತರಿಸಿ, ಬೆಳ್ಳುಳ್ಳಿ, ಕಾಳುಮೆಣಸು ಹಾಕಿ ಬೇಯಿಸಿ, ತಿನ್ನು ಮಗಾ, ಹಾಲು ಬರ್ತದೆ ಎಂದು ಎದುರಿಗೆ ಕೂತು ತಿನ್ನಿಸಿದ್ದಳು. ತಮಿಳರ ಸುರಾ ಪುಟ್ಟೂ ಬಾಣಂತಿಯರ ಅಡುಗೆಯೆಂದೇ ಹೆಸರಾದದ್ದು. ಹಾಲು ಬಂದದ್ದು ತಾಟೆಯಿಂದಲೋ, ನಿದ್ದೆಯಿಂದಲೋ, ಅಮ್ಮ ಎದುರಿಗೆ ಕೂತದ್ದರಿಂದಲೋ. ಬಂತಂತೂ ನಿಜ. ಮೊದಲು ಬುಟ್ಟಿಗಟ್ಟಲೆ ಬರುತ್ತಿತ್ತು, ಈಗ ಹೇಳಿಟ್ಟರೂ ಸಿಗುವುದಿಲ್ಲ ಎಂದಳು ಅಮ್ಮ.

ಯಾಕೆ ಸಿಗುವುದಿಲ್ಲ ಎಂಬುದು ನೆಲದ ಮೇಲಿನ ಆ ಎರಡು ಪೇಪರುಗಳಲ್ಲೇ ಇತ್ತು. ಮೀನು ತಾನೇ, ಸಾವಿರ ಮೊಟ್ಟೆ ಇಡುತ್ತೆ ಬಿಡು ಎಂದು ನಾವೆಲ್ಲ ಹೇಳುತ್ತ ಬಂದಿದ್ದೇವೆ. ರುಯಿಯ ವಿಷಯದಲ್ಲಿ ಆ ಮಾತು ನಡೆಯುತ್ತದೆ. ಹೀರಾಲಾಲ್ ಚೌಧುರಿ 1957ರಲ್ಲಿ ಚುಚ್ಚುಮದ್ದು ಕೊಟ್ಟು ಕೊಳದ ಮೀನುಗಳಿಂದ ಮೊಟ್ಟೆ ಇಡಿಸಿದ ಮೇಲೆ ಬಂಗಾಳದ ತಟ್ಟೆಗೆ ಆ ಮೀನಿನ ಕೊರತೆಯಾಗಿಲ್ಲ. ತೊರಕೆಗೆ ಅಂಥ ಚುಚ್ಚುಮದ್ದಿಲ್ಲ. ಬೆಳೆದು ದೊಡ್ಡದಾಗಲು ವರ್ಷಗಳು ಬೇಕು, ಒಂದು ಬಸಿರಿಗೆ ಬೆರಳೆಣಿಕೆಯ ಮರಿ, ಹೊಟ್ಟೆ ತುಂಬಿದ್ದು ಬಲೆಗೆ ಬಿದ್ದರೆ ಬರುವ ವರ್ಷದ ಮೀನೂ ಅದರ ಜೊತೆಗೇ ಹೋಯಿತು. ಜಗತ್ತಿನ ಶಾರ್ಕ್, ತೊರಕೆ ಜಾತಿಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಅಳಿವಿನ ಅಂಚಿಗೆ ಬಂದಿವೆ ಎಂಬ ಲೆಕ್ಕ 2021ರಲ್ಲಿ ಬಂತು. ನಮ್ಮ ಸರ್ಕಾರ 2001ರಲ್ಲಿ ಇವನ್ನೆಲ್ಲ ಹಿಡಿಯಬಾರದೆಂದು ಹೇಳಿ, ಮೀನುಗಾರರ ಹೊಟ್ಟೆಪಾಡಿನ ಕೂಗಿಗೆ ಅದೇ ವರ್ಷ ಪಟ್ಟಿಯನ್ನು ಕೆಲವೇ ಜಾತಿಗಳಿಗೆ ಇಳಿಸಿತು. ಆ ಕೂಗು ಸುಳ್ಳಲ್ಲವೆಂದು ಮಲ್ಪೆಯವಳಿಗೆ ಯಾರೂ ಹೇಳಬೇಕಿಲ್ಲ. ಮ್ಯುಲ್ಲರ್ ಹೆಸರಿಟ್ಟ ಗಂಗೆಯ ಶಾರ್ಕ್ ಪಟ್ಟಿಯಲ್ಲಿ ಉಳಿಯಿತು. ಗಂಗೆಯಲ್ಲಿ ಹಾಂಗೊರ್ ಇದೆಯಾ ಮಿಸ್, ಸ್ನಾನಕ್ಕೆ ಇಳಿದರೆ ಕಚ್ಚುತ್ತಾ ಎಂದು ಮಕ್ಕಳು ಕೇಳಿದರು. ಸಿಕ್ಕರೆ ಅದೃಷ್ಟ ಎಂದಳು.

ಎರಡನೆಯ ವಾರ ಕ್ಲಾಸು ಮುಗಿಸಿ ಮೂವರು ಮಕ್ಕಳೊಂದಿಗೆ ಗಡಿಯಾಹಾಟಿಗೆ ಹೋಗಿದ್ದಳು. ಬೊಟಿಯ ಮುಂದೆ ಕೂತಿದ್ದವನ ಹತ್ತಿರ ಒಂದು ಶೊಂಕೊರ್ ಮಾಛ್ ಮಗುಚಿ ಬಿದ್ದಿತ್ತು. ಬಾಲದ ಬುಡದಲ್ಲಿ ಎರಡು ಬೆರಳಿನಂಥವು. ಇದಕ್ಕೆ ಕಾಲಿದೆಯಾ ಎಂದಳು ಎರಡು ಜಡೆಯ ಹುಡುಗಿ. ಆಕೆಗೆ ಹಾಳೆ ನೆನಪಾಯಿತು. ಅದರಲ್ಲಿ ಪರ್ಸಿತ್ತು, ಮರಿಯಿತ್ತು, ಅಪ್ಪ ಇರಲಿಲ್ಲ. ತನ್ನ ಮೂರು ಚೀಲಗಳಲ್ಲೂ ಇರಲಿಲ್ಲ. ರುಯಿ ಮೀನಿನ ಮೊಟ್ಟೆ ನೀರಿನಲ್ಲಿ ಫಲವಾಗುತ್ತದೆ. ಶಾರ್ಕ್, ಸ್ಕೇಟ್, ತೊರಕೆ, ಮೊಟ್ಟೆ ಇಡಲಿ ಮರಿ ಹಾಕಲಿ, ಯಾವುದರಲ್ಲೂ ಹಾಗಲ್ಲ. ಅದನ್ನು ಬಿಟ್ಟರೆ ಚೀಲದ ಕತೆಗೆ ಬುಡವೇ ಇಲ್ಲ. "ಕಾಲಲ್ಲ. ಇದು ಅಪ್ಪ ಮೀನು. ಅಮ್ಮನ ಹೊಟ್ಟೆಯೊಳಗೆ ಬೀಜ ತಲುಪಿಸೋದಕ್ಕೆ ಅದು" ಎಂದಳು, ಬೆಲೆ ಹೇಳುವಷ್ಟೇ ಸಾಮಾನ್ಯ ದನಿಯಲ್ಲಿ. ಹುಡುಗಿ ಹೂಂ ಎಂದು ಪಕ್ಕದ ಬುಟ್ಟಿಯ ಏಡಿ ನೋಡಲು ಹೋದಳು. ಬೊಟಿಯವನು ಮಾತ್ರ ಒಂದು ಗಳಿಗೆ ಕೈ ನಿಲ್ಲಿಸಿದ.

ಮಂಗಳವಾರ ಆ ಹುಡುಗಿಯ ತಾಯಿಯ ಫೋನು ಬಂತು. ಮಾತು ಬಿರುಸಾಗಿರಲಿಲ್ಲ. ಮಗಳು ಊಟದ ಹೊತ್ತಿಗೆ ಎಲ್ಲರೆದುರು, ಅತಿಥಿಗಳೂ ಇದ್ದರು, ಏನೇನೋ ಕೇಳಿದಳು. ನಾನು ಕಳಿಸಿದ್ದು ಆರ್ಟ್ ಕ್ಲಾಸಿಗೆ ದೀದಿ, ಇದೆಲ್ಲ ಕಲಿಯೋದಕ್ಕೆ ವಯಸ್ಸಿದೆ. ಆಕೆ ಏನೋ ಹೇಳಲು ಹೊರಟು, ಮೀನಿನ ವಿಷಯ ತಾನೇ ಎನ್ನಬೇಕೆಂದುಕೊಂಡು, ಆ ಮಾತು ನಾಲಿಗೆಗೆ ಬಂದದ್ದಕ್ಕೇ ನಾಚಿ ಸುಮ್ಮನಾದಳು. ಮೀನಿನ ವಿಷಯ ಮಾತ್ರವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಮೂರನೆಯ ಶನಿವಾರ ಹುಡುಗಿ ಬರಲಿಲ್ಲ. ಕೆಂಪು ಅಂಚಿನ ಬಿಳಿ ಸೀರೆಯ ಚೀಲ ಅರ್ಧ ಹೊಲಿದಂತೆಯೇ ಕಿಟಕಿಯಲ್ಲಿ ಉಳಿಯಿತು. ಮರಿಗೆ ಎಳೆ ತೂರಿಸಿ ಆಗಿತ್ತು, ಬಾಯಿ ಹೊಲಿಯುವುದಷ್ಟೇ ಬಾಕಿ. ಮಿಕ್ಕವರು ಅದನ್ನು ತಾವು ಮುಗಿಸುತ್ತೇವೆ ಎಂದರು. ಬೇಡ ಎಂದಳು.

ನಾಲ್ಕನೆಯ ಶನಿವಾರ ಕ್ಲಾಸು ಮುಗಿದು ರಾಗಿ ಗುಡಿಸುತ್ತಿದ್ದಾಗ ಹುಡುಗಿ ಬಂದಳು. ಜೊತೆಯಲ್ಲಿ ಠಾಕುಮಾ, ಅಪ್ಪನ ತಾಯಿ. ತಾಯಿಗೆ ಅವತ್ತು ಆಫೀಸು. ಠಾಕುಮಾ ಮಂಡಿ ಹಿಡಿದುಕೊಂಡು ಕುರ್ಚಿಯಲ್ಲಿ ಕೂತು, ತನ್ನ ಸೀರೆಯ ತುಂಡು ಎಲ್ಲಿ ಎಂದು ಕೇಳಿದರು. ಚೀಲ ಕೊಟ್ಟಾಗ ಅದನ್ನು ಅಗಲಿಸಿ, ಒಳಗಿನ ಬಿಳಿ ಕುಚ್ಚುಗಳನ್ನು ಬೆರಳಿನಿಂದ ಮುಟ್ಟಿದರು.

"ಇದೇನು?"

"ಹಾಲು" ಎಂದಳು ಹುಡುಗಿ.

"ಮಾಛೇರ್ ಆಬಾರ್ ದುಧ್!" ಮೀನಿಗೆಲ್ಲಿಯ ಹಾಲು ಎಂದು ಠಾಕುಮಾ ನಕ್ಕರು. ಹುಡುಗಿ ಮರಿಯ ಕಣ್ಣ ಹಿಂದಿನ ರಂಧ್ರ ತೋರಿಸಿ, ಎಳೆ ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ ಎಂದು ಒಂದೊಂದಾಗಿ ಎಳೆದು ತೋರಿಸಿದಳು. ಅಪ್ಪ ಮೀನಿನ ಎರಡು ಬೆರಳಿನ ವಿಷಯವನ್ನೂ ಹೇಳಿದಳು. ಠಾಕುಮಾ ಅದಕ್ಕೆ ಹೂಂ ಎಂದಷ್ಟೇ ಅಂದು ಕನ್ನಡಕ ಏರಿಸಿಕೊಂಡು ಅಂಚಿನ ಹೊಲಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಇಷ್ಟು ಸಡಿಲವಾಗಿ ಯಾರು ಹೊಲಿಸಿದ್ದು, ಮರಿ ಜಾರಿ ಬಿದ್ದುಹೋಗುತ್ತೆ ಎಂದು ಗೊಣಗುತ್ತ, ಮೂರು ವಾರದ ಹೊಲಿಗೆಯನ್ನೆಲ್ಲ ಉಗುರಿನಿಂದ ಬಿಚ್ಚಿಹಾಕಿ, ಸೂಜಿ ಕೊಡು ಎಂದು ಕೈಯೊಡ್ಡಿದರು.